ಸರ್ಕಾರಿ ಸೇವೆಗಳ ಹೆಸರಿನಲ್ಲಿ ಹರಡುತ್ತಿರುವ ಮೊಬೈಲ್ ಕುತಂತ್ರಾಂಶ: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸಿದ ನಾಗರಿಕರು ಅರ್ಜಿಯ ಸ್ಥಿತಿಯನ್ನು ತಿಳಿಯಲು ಬಹುಮಟ್ಟಿಗೆ ತಮ್ಮ ಮೊಬೈಲ್ ದೂರವಾಣಿಗೆ ಬರುವ ಸಂದೇಶಗಳನ್ನು ಅವಲಂಬಿಸಿರುತ್ತಾರೆ. ಅರ್ಜಿಯ ಸ್ವೀಕೃತಿ, ಆಧಾರ್ ದೃಢೀಕರಣದ ಓಟಿಪಿ, ಸಹಾಯಧನ ಬ್ಯಾಂಕ್ ಖಾತೆಗೆ ಜಮೆಯಾದ ವಿವರ, ಇವೆಲ್ಲವೂ ಒಂದೇ ಸಂಖ್ಯೆಗೆ ಬರುತ್ತವೆ. ಅನೇಕ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಆ ಒಂದೇ ಸಂಖ್ಯೆ. ಸಂದೇಶಕ್ಕಾಗಿ ಕಾಯುತ್ತಿರುವ ಈ ಸ್ಥಿತಿಯನ್ನೇ ವಂಚಕರು ಬಳಸಿಕೊಳ್ಳುತ್ತಿರುವುದು ಇತ್ತೀಚಿನ ವರ್ಷಗಳಲ್ಲಿ ದೇಶದಾದ್ಯಂತ ಕಂಡುಬಂದಿದೆ. ಪಿಎಂ ಕಿಸಾನ್ ಯೋಜನೆ, ಸಂಚಾರ ನಿಯಮ ಉಲ್ಲಂಘನೆಯ ಚಲನ್, ಬ್ಯಾಂಕಿನ ಕೆವೈಸಿ, ಕಡೆಗೆ ಮದುವೆಯ ಆಮಂತ್ರಣ ಪತ್ರಿಕೆಯ ಹೆಸರಿನಲ್ಲಿಯೂ ವಾಟ್ಸಾಪ್ ಮೂಲಕ ಎಪಿಕೆ ಕಡತಗಳನ್ನು ಕಳುಹಿಸಲಾಗುತ್ತಿದೆ.

ಎಪಿಕೆ ಎಂಬುದು ಆಂಡ್ರಾಯ್ಡ್ ದೂರವಾಣಿಯಲ್ಲಿ ಆ್ಯಪ್‌ ಅನ್ನು ಅಳವಡಿಸುವ ಕಡತವಾಗಿದ್ದು, ಚಿತ್ರವನ್ನಾಗಲಿ ಪತ್ರವನ್ನಾಗಲಿ ತೋರಿಸಲು ಅದರ ಅಗತ್ಯವಿರುವುದಿಲ್ಲ. ಚಲನ್ ಅಥವಾ ಆಮಂತ್ರಣವು ಎಪಿಕೆ ರೂಪದಲ್ಲಿ ಬಂದಿದೆಯೆಂದರೆ ಅದನ್ನು ವಂಚನೆಯೆಂದೇ ತಿಳಿಯತಕ್ಕದ್ದು. ಪರಿವಾಹನ್ ಇಲಾಖೆಯ ಹೆಸರಿನಲ್ಲಿ ಹರಡಿದ ಇಂತಹ ಒಂದು ಕುತಂತ್ರಾಂಶವನ್ನು ಸೈಬರ್ ಭದ್ರತಾ ಸಂಸ್ಥೆಯಾದ ಕ್ಲೌಡ್‌ಸೆಕ್ 2024ರಲ್ಲಿ ವಿಶ್ಲೇಷಿಸಿತು. ಸದರಿ ಆ್ಯಪ್ ಅಳವಡಿಕೆಯಾದ ಕೂಡಲೇ ಸಂಪರ್ಕ ಪಟ್ಟಿ, ಕರೆ ಹಾಗೂ ಕಿರುಸಂದೇಶಗಳಿಗೆ ಅನುಮತಿ ಕೇಳುತ್ತಿತ್ತು. ದೂರವಾಣಿಯ ಮುಖ್ಯ ಸಂದೇಶ ಆ್ಯಪ್ ಆಗಲು ಸಹ ಒಪ್ಪಿಗೆ ಪಡೆಯುತ್ತಿತ್ತು. ಆನಂತರ ಓಟಿಪಿಗಳು ನೇರವಾಗಿ ವಂಚಕರನ್ನು ತಲುಪುತ್ತಿದ್ದವು.

ಮೊಬೈಲ್ ದೂರವಾಣಿಗಳಲ್ಲಿ ಹರಡಿದ ಮೊದಲ ಹುಳು ಎನ್ನಲಾದ ಕ್ಯಾಬಿರ್ 2004ರಲ್ಲಿ ಬ್ಲೂಟೂತ್ ಮೂಲಕ ಬಂದಾಗಲೂ ಬಳಕೆದಾರರ ಒಪ್ಪಿಗೆಯಿಲ್ಲದೆ ಅಳವಡಿಕೆಯಾಗುತ್ತಿರಲಿಲ್ಲ. ಎರಡು ದಶಕಗಳು ಕಳೆದರೂ ಇಂತಹ ವಂಚನೆಯಲ್ಲಿ ಬಾಗಿಲು ತೆರೆಯುವುದು ಬಳಕೆದಾರರ ಬೆರಳೇ ಆಗಿದೆ.

"ಅಪರಿಚಿತರು ಕಳುಹಿಸಿದ ಕಡತವನ್ನು ತೆರೆಯಬೇಡಿ" ಎಂಬ ರೂಢಿಯ ಎಚ್ಚರಿಕೆಯು ಈಗ ಸಾಲದು. ಒಂದು ದೂರವಾಣಿಯನ್ನು ಅಥವಾ ಅದರ ವಾಟ್ಸಾಪ್ ಖಾತೆಯನ್ನು ವಶಪಡಿಸಿಕೊಂಡ ನಂತರ ಅದರಲ್ಲಿರುವ ಬಂಧುಮಿತ್ರರಿಗೂ ಗ್ರಾಮದ ಗುಂಪುಗಳಿಗೂ ಅದೇ ಕಡತವನ್ನು ರವಾನಿಸಲಾಗುತ್ತದೆ. ಹೀಗಾಗಿ ಕಡತವು ಸೋದರಮಾವನ ಅಥವಾ ಪಕ್ಕದ ಮನೆಯವರ ಹೆಸರಿನಲ್ಲಿಯೇ ಬರುವ ಸಂಭವವಿದೆ. ಕಳುಹಿಸಿದವರು ಯಾರು ಎಂಬುದಕ್ಕಿಂತ ಬಂದಿರುವ ಕಡತ ಯಾವುದು ಎಂಬುದನ್ನು ಮೊದಲು ನೋಡುವುದು ಅವಶ್ಯಕ.

ಕಿರುಸಂದೇಶಗಳ ಮಟ್ಟಿಗೆ ಒಂದು ಗುರುತು ಲಭ್ಯವಿದೆ. 2025ರಲ್ಲಿ ಟ್ರಾಯ್ ಜಾರಿಗೆ ತಂದ ವ್ಯವಸ್ಥೆಯಂತೆ ಸರ್ಕಾರಿ ಸಂದೇಶಗಳ ಕಳುಹಿಸುವವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ 'ಜಿ' ಎಂಬ ಆಂಗ್ಲ ಅಕ್ಷರವಿರುತ್ತದೆ. ವಾಟ್ಸಾಪ್ ಸಂದೇಶಗಳಿಗೆ ಇದು ಅನ್ವಯಿಸುವುದಿಲ್ಲ. ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ಮಾತ್ರ ಪಡೆಯುವುದು ಉತ್ತಮ. ಆದರೆ ಅಲ್ಲಿಯೂ ಪೂರ್ಣ ನಿಶ್ಚಿಂತೆ ಇಲ್ಲ. ಜೋಕರ್ ಅಥವಾ ಬ್ರೆಡ್ ಎಂಬ ಕುತಂತ್ರಾಂಶದ ಗುಂಪಿಗೆ ಸೇರಿದ ಸುಮಾರು 1,700 ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿರುವುದಾಗಿ ಗೂಗಲ್ ಸಂಸ್ಥೆಯೇ 2020ರ ಜನವರಿಯಲ್ಲಿ ತಿಳಿಸಿತ್ತು. ಆದುದರಿಂದ ಯಾವುದೇ ಆ್ಯಪ್ ತನ್ನ ಕಾರ್ಯಕ್ಕೆ ಸಂಬಂಧವಿಲ್ಲದ ಕಿರುಸಂದೇಶದ ಅನುಮತಿಯನ್ನಾಗಲಿ 'ಆಕ್ಸೆಸಿಬಿಲಿಟಿ' ಸೌಲಭ್ಯವನ್ನಾಗಲಿ ಕೇಳಿದಲ್ಲಿ ನಿರಾಕರಿಸತಕ್ಕದ್ದು. ಅಂಗವಿಕಲರ ನೆರವಿಗಾಗಿ ರೂಪಿಸಲಾದ ಆಕ್ಸೆಸಿಬಿಲಿಟಿಯು ಪರದೆಯ ಮೇಲಿರುವುದನ್ನು ಓದಬಲ್ಲದು, ಬಳಕೆದಾರರ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು.

ಕುತಂತ್ರಾಂಶವು ಈಗಾಗಲೇ ಅಳವಡಿಕೆಯಾಗಿದ್ದಲ್ಲಿ ಕ್ರಮಗಳ ಅನುಕ್ರಮ ಬಹಳ ಮುಖ್ಯ. ಗಾಬರಿಯಲ್ಲಿ ಮೊದಲು ಆ್ಯಪ್ ಅಳಿಸಲು ತೊಡಗಿ ಬ್ಯಾಂಕಿಗೆ ತಿಳಿಸುವುದನ್ನು ಮರೆಯುವ ಸಾಧ್ಯತೆಯಿದೆ. ಮೊದಲು ಮೊಬೈಲ್ ಡೇಟಾ ಹಾಗೂ ವೈಫೈ ನಿಲ್ಲಿಸಿ, ಸಿಮ್ ಹೊರತೆಗೆದು ಸಾಧಾರಣ ಕೀಪ್ಯಾಡ್ ದೂರವಾಣಿಗೆ ಹಾಕುವುದು ಸೂಕ್ತ. ಇದರಿಂದ ಓಟಿಪಿಗಳು ಸೋಂಕಿತ ಸಾಧನಕ್ಕೆ ಹೋಗುವುದು ನಿಲ್ಲುತ್ತದೆ. ಅದೇ ಸಂಖ್ಯೆಯಿಂದ ಬ್ಯಾಂಕಿಗೆ ಕರೆಮಾಡಿ ಖಾತೆ ಹಾಗೂ ಯುಪಿಐ ತಡೆಹಿಡಿಸಬೇಕು. ಹಣ ಹೋಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಸ್ವೀಕೃತಿ ಸಂಖ್ಯೆಯನ್ನು ಪಡೆಯಬೇಕು.

ಈ ತ್ವರೆಗೆ ಕಾರಣವಿದೆ. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಗ್ರಾಹಕರ ನಿರ್ಲಕ್ಷ್ಯದಿಂದ ಆದ ನಷ್ಟದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ಹೊಣೆ ಗ್ರಾಹಕರದು, ತಿಳಿಸಿದ ನಂತರದ ಹೊಣೆ ಬ್ಯಾಂಕಿನದು ಎಂದು ನಿಗದಿಪಡಿಸಿತು. ಸ್ವತಃ ಅಳವಡಿಸಿಕೊಂಡ ಆ್ಯಪ್‌ನಿಂದಾದ ನಷ್ಟವನ್ನು ನಿರ್ಲಕ್ಷ್ಯವೆಂದು ಪರಿಗಣಿಸಬೇಕೇ ಎಂಬುದು ವಿವಾದಕ್ಕೆ ಆಸ್ಪದವಿರುವ ವಿಷಯ. ಆ ವಿವಾದದಲ್ಲಿ ಬ್ಯಾಂಕಿಗೆ ತಿಳಿಸಿದ ದಿನ ಮತ್ತು ವೇಳೆಯೇ ಅರ್ಜಿದಾರರ ಕೈಯಲ್ಲಿರುವ ದೊಡ್ಡ ಆಧಾರ.

ಆನಂತರ ತೆಗೆದುಹಾಕುವ ಕಾರ್ಯ. ಬಂದ ಸಂದೇಶ, ಕಳುಹಿಸಿದ ಸಂಖ್ಯೆ ಹಾಗೂ ಆ್ಯಪ್‌ನ ಹೆಸರನ್ನು ಮತ್ತೊಂದು ದೂರವಾಣಿಯಿಂದ ಚಿತ್ರ ತೆಗೆದಿರಿಸಿಕೊಳ್ಳುವುದು ತನಿಖೆಗೆ ಅನುಕೂಲ. ಇಂತಹ ಆ್ಯಪ್‌ಗಳು ಮುಖಪುಟದಲ್ಲಿ ತಮ್ಮ ಚಿಹ್ನೆಯನ್ನು ಮರೆಮಾಡುವುದುಂಟು, ಆದ್ದರಿಂದ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿಯೇ ಹುಡುಕಬೇಕು. ಅಳಿಸಲು ಬಿಡದಿದ್ದಲ್ಲಿ ದೂರವಾಣಿಯನ್ನು ಸೇಫ್ ಮೋಡ್‌ನಲ್ಲಿ ಚಾಲನೆ ಮಾಡಿ, ಡಿವೈಸ್ ಅಡ್ಮಿನ್ ಹಾಗೂ ಆಕ್ಸೆಸಿಬಿಲಿಟಿ ಪಟ್ಟಿಗಳಿಂದ ಅದನ್ನು ಹಿಂತೆಗೆದು ಮತ್ತೆ ಪ್ರಯತ್ನಿಸಬೇಕು. ಪ್ಲೇ ಪ್ರೊಟೆಕ್ಟ್ ಪರಿಶೀಲನೆಯೂ ನೆರವಾಗುತ್ತದೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದ ಮೂಲಕ ಉಚಿತ ಸಾಧನಗಳನ್ನು ಒದಗಿಸಲಾಗಿದ್ದು, ಸಿ-ಡ್ಯಾಕ್ ರೂಪಿಸಿದ ಎಂ-ಕವಚ್ 2 ಅವುಗಳಲ್ಲೊಂದು. ಇಷ್ಟಾದರೂ ಸಂಶಯ ಉಳಿದಲ್ಲಿ ಫ್ಯಾಕ್ಟರಿ ರೀಸೆಟ್ ಮಾಡುವುದೇ ಖಚಿತವಾದ ಮಾರ್ಗ. ಗುಪ್ತಪದಗಳನ್ನು ಸೋಂಕಿಲ್ಲದ ಸಾಧನದಿಂದ ಬದಲಾಯಿಸಬೇಕು. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಅಪರಿಚಿತ ಸಾಧನಗಳಿದ್ದರೆ ಅವುಗಳನ್ನು ತೆಗೆಯಬೇಕು.

ಅರ್ಜಿಗಳು ಕಳೆದುಹೋಗುತ್ತವೆಂಬ ಭಯದಿಂದ ರೀಸೆಟ್ ಮಾಡಲು ಹಿಂಜರಿಯುವ ಕಾರಣವಿಲ್ಲ. ಸೇವಾ ಸಿಂಧುವಿನಲ್ಲಿ ಸಲ್ಲಿಸಿದ ಅರ್ಜಿಯಾಗಲಿ, ಡಿಜಿಲಾಕರ್‌ನಲ್ಲಿರುವ ದಾಖಲೆಯಾಗಲಿ ದೂರವಾಣಿಯಲ್ಲಿ ಇರುವುದಿಲ್ಲ. ಛಾಯಾಚಿತ್ರಗಳನ್ನು ಮೊದಲೇ ನಕಲು ಮಾಡಿಕೊಂಡು, ಅರ್ಜಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡಲ್ಲಿ ಬೇರೆ ಯಾವುದೇ ಸಾಧನದಿಂದ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿಯ ಸ್ಥಿತಿಯನ್ನು ವಿಚಾರಿಸಬಹುದಾಗಿದೆ.