ತುವಾಲು: ಅಳೋ ಇಮೋಜಿ ಹಾಕೋ ಮುಂಚೆ

1/8

ಗೆಳೆಯರೇ, ಈ ವಾರದ ಸರಣಿ ಒಂದು ಪುಟ್ಟ ದೇಶದ ಬಗ್ಗೆ. ಹೆಸರು ತುವಾಲು. ನಿಮ್ಮಲ್ಲಿ ಬಹಳ ಜನ ಈ ಹೆಸರನ್ನ ಯಾವುದೋ ರೀಲ್‌ನಲ್ಲಿ ಕೇಳಿರ್ತೀರಿ. ಹಿನ್ನೆಲೆಯಲ್ಲಿ ದುಃಖದ ಪಿಯಾನೊ, ಡ್ರೋನ್ ಶಾಟ್‌ನಲ್ಲಿ ನೀಲಿ ಸಮುದ್ರದ ಮಧ್ಯೆ ದಾರದಷ್ಟು ತೆಳ್ಳಗಿನ ನೆಲ, ಮೇಲೆ ದಪ್ಪ ಅಕ್ಷರದಲ್ಲಿ 'ಮುಳುಗುತ್ತಿರುವ ದೇಶ'. ಕೆಳಗೆ ರಾಶಿ ರಾಶಿ ಅಳೋ ಇಮೋಜಿ. ಮೂವತ್ತು ಸೆಕೆಂಡ್ ಮುಗೀತು. ಮುಂದಿನ ರೀಲ್‌ನಲ್ಲಿ ಬಿರಿಯಾನಿ.

ಆ ರೀಲ್ ಸುಳ್ಳು ಹೇಳ್ತಿದೆ ಅಂತ ನಾನು ಹೇಳ್ತಿಲ್ಲ. ಸಮುದ್ರ ಏರ್ತಿರೋದು ನಿಜ. ಆದ್ರೆ ಒಂದು ದೇಶದ ಬಗ್ಗೆ ನಮಗೆ ಗೊತ್ತಿರೋದು ಅದೊಂದೇ ಮಾತು ಅಂತಾದ್ರೆ, ಅದು ಬದುಕಿರೋ ಮನುಷ್ಯನಿಗೆ ಸರ್ಕಲ್‌ನಲ್ಲಿ ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದ ಹಾಗೆ. ಬ್ಯಾನರ್ ಕಟ್ಟಿದ ಮೇಲೆ ಆ ಮನುಷ್ಯನ ಸಂಬಳ ಎಷ್ಟು, ಅವನ ಆಸ್ತಿ ಪತ್ರದಲ್ಲಿ ಏನು ಬರ್ಕೊಂಡ್ರು ಅಂತ ಯಾರೂ ಕೇಳಲ್ಲ. ತುವಾಲು ವಿಷಯದಲ್ಲಿ ನಾವು ಕೇಳಬೇಕಾಗಿರೋದು ಅದನ್ನೇ. ಒಂದೊಂದೇ ಸ್ಲೈಡ್ ನೋಡ್ತಾ ಬನ್ನಿ.

2/8: ನೆಲ

ಹವಾಯಿ ಮತ್ತು ಆಸ್ಟ್ರೇಲಿಯಾ ನಡುವೆ, ಹೆಚ್ಚುಕಮ್ಮಿ ಅರ್ಧ ದಾರಿಯಲ್ಲಿ, ಒಂಬತ್ತು ದ್ವೀಪಗಳು. ಎಲ್ಲಾ ಕೂಡಿಸಿದ್ರೆ ನೆಲ 26 ಚದರ ಕಿಲೋಮೀಟರ್. ಜನ ಹತ್ತು ಸಾವಿರ ಚಿಲ್ಲರೆ, ನಮ್ಮ ಕಡೆಯ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು. ಆದ್ರೆ ಈ ಒಂಬತ್ತು ದ್ವೀಪ ಚದುರಿರೋದು ಸುಮಾರು 680 ಕಿಲೋಮೀಟರ್ ಉದ್ದಕ್ಕೆ. ಅಂದ್ರೆ ಬೆಂಗಳೂರಿಂದ ಬೀದರ್‌ಗೆ ಹೋದಷ್ಟು. ಮಧ್ಯದಲ್ಲಿ ರಸ್ತೆ ಇಲ್ಲ, ಬರೀ ನೀರು.

ಇವು ಹವಳದ ದ್ವೀಪಗಳು. ಹೆಚ್ಚಿನವು ಅಟಾಲ್, ಅಂದ್ರೆ ಮಧ್ಯೆ ತಿಳಿನೀರಿನ ಹಿನ್ನೀರು, ಸುತ್ತ ಉಂಗುರದ ಹಾಗೆ ಹವಳದ ದಿಬ್ಬ. ಮಂಗಳೂರಿನಾಚೆ ಅರಬ್ಬಿ ಸಮುದ್ರದಲ್ಲಿರೋ ಲಕ್ಷದ್ವೀಪವೂ ಇದೇ ಜಾತಿ. ತುವಾಲುವಿನ ಅತಿ ಎತ್ತರದ ಜಾಗ ಐದು ಮೀಟರ್ ಕೂಡ ಇಲ್ಲ. ರಾಜಧಾನಿ ಫುನಫುಟಿಯ ಮುಖ್ಯ ದ್ವೀಪದಲ್ಲಿ ಅಗಲ ಇರೋ ಕಡೆ ಸುಮಾರು 400 ಮೀಟರ್, ಕಿರಿದಾದ ಕಡೆ 20 ಮೀಟರ್. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಮಹಾಸಾಗರ, ಮಧ್ಯೆ ಒಂದು ರಸ್ತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಮಾಡಿದ ವಿಮಾನದ ರನ್‌ವೇ ಇವತ್ತಿಗೂ ಅಲ್ಲಿದೆ. ವಿಮಾನ ಇಲ್ಲದ ಹೊತ್ತಲ್ಲಿ ಅದೇ ಮಕ್ಕಳ ಆಟದ ಮೈದಾನ.

ನದಿ ಇಲ್ಲ, ಹಳ್ಳ ಇಲ್ಲ. ಕುಡಿಯೋ ನೀರು ಅಂದ್ರೆ ಚಾವಣಿಯಿಂದ ಟ್ಯಾಂಕಿಗೆ ಇಳಿಸಿದ ಮಳೆನೀರು. 2011ರಲ್ಲಿ ಮಳೆ ಕೈಕೊಟ್ಟಾಗ ತುರ್ತು ಪರಿಸ್ಥಿತಿ ಘೋಷಿಸಬೇಕಾಯ್ತು. ಪುಲಕಾ ಅಂತ ನಮ್ಮ ಕೆಸುವಿನ ಜಾತಿಯ ಒಂದು ಗೆಡ್ಡೆ ಅಲ್ಲಿನ ಹಳೆಯ ಆಹಾರ. ಹಳ್ಳ ತೋಡಿ ಬೆಳೀತಾರೆ. ಆ ಹಳ್ಳಗಳಿಗೆ ಈಗ ಕೆಳಗಿಂದ ಉಪ್ಪುನೀರು ನುಗ್ತಿದೆ.

3/8: ಮುಳುಗೋದು ಅಂದ್ರೆ ಏನು?

ಟೈಟಾನಿಕ್ ಮುಳುಗಿದ ಹಾಗೆ ಒಂದು ರಾತ್ರಿ ಮುಳುಗಲ್ಲ. ನಾಸಾ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಅಲ್ಲಿನ ಸಮುದ್ರ ಮಟ್ಟ ಮೂವತ್ತು ವರ್ಷದ ಹಿಂದಿಗಿಂತ ಸುಮಾರು 15 ಸೆಂಟಿಮೀಟರ್ ಮೇಲಿದೆ. ಒಂದು ಗೇಣಿಗಿಂತ ಕಮ್ಮಿ. ಆದ್ರೆ ದೊಡ್ಡ ಉಬ್ಬರದ ದಿನ ಆ ಒಂದು ಗೇಣೇ ಅಂಗಳಕ್ಕೂ ಅಡುಗೆಮನೆಗೂ ಇರೋ ವ್ಯತ್ಯಾಸ.

ಇನ್ನೊಂದು ವಿಷಯ ರೀಲ್‌ನಲ್ಲಿ ಬರಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 1971ರಿಂದ 2014ರವರೆಗಿನ ಚಿತ್ರಗಳನ್ನ ಹೋಲಿಸಿ ನೋಡಿತು. ತುವಾಲುವಿನ ಒಟ್ಟು ನೆಲ ಆ ಅವಧಿಯಲ್ಲಿ ಶೇ 2.9ರಷ್ಟು ಹೆಚ್ಚಾಗಿತ್ತು. ಅಲೆಗಳು ಹವಳದ ಮರಳನ್ನ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಪೇರಿಸ್ತವೆ. ಇದನ್ನ ಹಿಡ್ಕೊಂಡು 'ನೋಡಿ, ಹವಾಮಾನ ಬದಲಾವಣೆ ಬರೀ ಬೊಗಳೆ' ಅನ್ನೋರು ಕೆಲವರು. ಅದು ತಪ್ಪು. ಮರಳು ಪೇರಿಸಿದ ಕಡೆ ಬಾವಿ ಇರಲ್ಲ, ಮನೆ ಇರಲ್ಲ, ಪುಲಕಾ ಹಳ್ಳ ಇರಲ್ಲ. ನೆಲ ಉಳಿದ್ರೂ ಅದರ ಮೇಲೆ ಬದುಕೋದು ಕಷ್ಟ ಆಗುತ್ತೆ. ಅಪಾಯ ಇರೋದು ಅಲ್ಲಿ.

ಅವರು ಸುಮ್ಮನೆ ನೋಡ್ತಾ ಕೂತಿಲ್ಲ. ಫುನಫುಟಿಯಲ್ಲಿ ಹಿನ್ನೀರಿನ ಮರಳನ್ನೇ ಎತ್ತಿ ಸುಮಾರು ಏಳು ಹೆಕ್ಟೇರ್ ಹೊಸ, ಎತ್ತರದ ನೆಲ ಮಾಡಿದ್ದಾರೆ.

4/8: ದುಡ್ಡು

ಗಣಿ ಇಲ್ಲ, ಫ್ಯಾಕ್ಟರಿ ಇಲ್ಲ, ಪ್ರವಾಸಿಗರೂ ಬೆರಳೆಣಿಕೆ. ಸ್ವಂತ ನೋಟೂ ಇಲ್ಲ, ಆಸ್ಟ್ರೇಲಿಯಾ ಡಾಲರ್ ಓಡುತ್ತೆ. ಮೊದಲ ಎಟಿಎಂ ಬಂದಿದ್ದೇ 2025ರಲ್ಲಿ. ಹಾಗಾದ್ರೆ ಸರ್ಕಾರ ನಡೆಯೋದು ಹೇಗೆ? ನನಗೆ ತುವಾಲು ಬಗ್ಗೆ ನಿಜವಾದ ಗೌರವ ಬಂದಿದ್ದು ಇಲ್ಲಿ.

ಒಂದು, ಎರಡು ಅಕ್ಷರ. ಪ್ರತಿ ದೇಶಕ್ಕೂ ಇಂಟರ್ನೆಟ್‌ನಲ್ಲಿ ಎರಡಕ್ಷರದ ವಿಳಾಸ ಇರುತ್ತೆ, ನಮ್ಮದು ಡಾಟ್ ಇನ್. ತುವಾಲುಗೆ ಸಿಕ್ಕಿದ್ದು ಡಾಟ್ ಟಿವಿ. ಟಿವಿ ಅಂದ್ರೆ ಇಡೀ ಪ್ರಪಂಚಕ್ಕೆ ಗೊತ್ತು! ಆ ಹಕ್ಕನ್ನ ಬಾಡಿಗೆಗೆ ಕೊಟ್ಟರು. 2000ನೇ ಇಸವಿಯಲ್ಲಿ ತುವಾಲು ವಿಶ್ವಸಂಸ್ಥೆ ಸೇರಿದ್ದು ಆ ದುಡ್ಡಿನ ಬಲದಲ್ಲಿ. ಆಮೇಲೆ ವೆರಿಸೈನ್ ಕಂಪನಿ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಕೊಡ್ತಿತ್ತು. ಆ ಒಪ್ಪಂದ ಮುಗಿದಾಗ ತುವಾಲು ಹೊಸದಾಗಿ ಟೆಂಡರ್ ಕರೆದು ಗೋಡ್ಯಾಡಿ ಜೊತೆ ಕೈಜೋಡಿಸಿತು. ಟ್ವಿಚ್‌ನಲ್ಲಿ ಗೇಮ್ ಸ್ಟ್ರೀಮ್ ನೋಡೋರು ಒಮ್ಮೆ ಅಡ್ರೆಸ್ ಬಾರ್ ನೋಡಿ. ಕೊನೆಯ ಎರಡಕ್ಷರ ತುವಾಲುವಿನದ್ದು.

ಎರಡು, ಮೀನು. ನೆಲ 26 ಚದರ ಕಿಲೋಮೀಟರ್, ಆದ್ರೆ ಹಕ್ಕಿನ ಸಮುದ್ರ ಏಳು ಲಕ್ಷ ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು! ಅಲ್ಲಿ ಟ್ಯೂನಾ ಮೀನು ಹೇರಳ. ಮುಂಚೆ ದೊಡ್ಡ ದೇಶಗಳ ಹಡಗುಗಳು ಒಂದೊಂದೇ ದ್ವೀಪದ ಹತ್ರ ಹೋಗಿ ಚೌಕಾಸಿ ಮಾಡಿ ಅಗ್ಗಕ್ಕೆ ಹಿಡೀತಿದ್ವು. ನೌರು ಒಪ್ಪಂದದಡಿ ಎಂಟು ದೇಶಗಳು ಒಗ್ಗಟ್ಟಾಗಿ, ನಮ್ಮ ನೀರಲ್ಲಿ ಬಲೆ ಹಾಕೋ ಪ್ರತಿ ದಿನಕ್ಕೂ ಇಷ್ಟು ಅಂತ ರೇಟ್ ಕಟ್ಟಿದ್ವು. ಒಂದು ಹಡಗಿಗೆ ಒಂದು ದಿನಕ್ಕೆ ಕನಿಷ್ಠ 8,000 ಡಾಲರ್‌ವರೆಗೆ ಏರಿಸಿದ್ರು. ಸರ್ಕಾರದ ಆದಾಯದ ಬಹುದೊಡ್ಡ ಪಾಲು ಬರೋದು ಇಲ್ಲಿಂದಲೇ.

ಮೂರು, ನಿಧಿ. 1987ರಲ್ಲಿ ತುವಾಲು ಟ್ರಸ್ಟ್ ಫಂಡ್ ಶುರುವಾಯ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ದುಡ್ಡು ಹಾಕಿದ್ವು, ತುವಾಲು ಕೂಡ ತನ್ನ ಪಾಲು ಹಾಕಿತು. ನಿಯಮ ಸರಳ: ಅಸಲಿಗೆ ಕೈ ಹಾಕಂಗಿಲ್ಲ. ಬೆಲೆಯೇರಿಕೆಯನ್ನೂ ಕಳೆದು ಮಿಕ್ಕಿದ ಲಾಭ ಮಾತ್ರ ಖರ್ಚಿಗೆ. ನಮ್ಮ ಅಜ್ಜಿಯಂದಿರು ಬಂಗಾರ ಇಟ್ಟುಕೊಂಡ ಹಾಗೆ.

ಇವರು ಬಾಡಿಗೆ ವಸೂಲಿ ಮಾಡೋದು ಗೊತ್ತಿರೋ, ಲೆಕ್ಕ ಬಲ್ಲ ಜನ. ಈಗ ಹೇಳಿ, ಅಳೋ ಇಮೋಜಿ ಇವರಿಗೆ ಒಪ್ಪುತ್ತಾ?

5/8: ಸರ್ಕಾರ

1978ರ ಅಕ್ಟೋಬರ್ 1ಕ್ಕೆ ಬ್ರಿಟನ್‌ನಿಂದ ಸ್ವಾತಂತ್ರ್ಯ. ಅದಕ್ಕೂ ಮುಂಚೆ ಇನ್ನೊಂದು ಬಿಡುಗಡೆ ಇತ್ತು. ಗಿಲ್ಬರ್ಟ್ ದ್ವೀಪಗಳ ಜೊತೆ, ಅಂದ್ರೆ ಇವತ್ತಿನ ಕಿರಿಬಾಸ್ ಜೊತೆ ಒಂದೇ ವಸಾಹತಾಗಿದ್ದವರು 1974ರಲ್ಲಿ ಜನಮತ ಹಾಕಿ ಬೇರೆಯಾದ್ರು. ಗುಂಪು ಚಿಕ್ಕದಾದ್ರೂ ಪರವಾಗಿಲ್ಲ, ನಮ್ಮ ನಿರ್ಧಾರ ನಮ್ಮದಾಗಿರ್ಲಿ ಅಂತ.

ಸಂಸತ್ತಿನಲ್ಲಿ 16 ಜನ, ಎಂಟು ಕ್ಷೇತ್ರದಿಂದ ಇಬ್ಬಿಬ್ಬರು. ರಾಜಕೀಯ ಪಕ್ಷಗಳೇ ಇಲ್ಲ. ಗೆದ್ದವರು ಸೇರಿ ಪ್ರಧಾನಿಯನ್ನ ಆರಿಸ್ತಾರೆ. ಔಪಚಾರಿಕ ಮುಖ್ಯಸ್ಥ ಬ್ರಿಟನ್ನಿನ ದೊರೆ ಚಾರ್ಲ್ಸ್, ಅವರ ಪರವಾಗಿ ಗವರ್ನರ್ ಜನರಲ್. ಪ್ರತಿ ದ್ವೀಪದಲ್ಲೂ ಹಿರಿಯರ ಸಭೆ ಇದೆ, ಫಲೆಕೌಪುಲೆ ಅಂತಾರೆ. 1997ರ ಕಾಯ್ದೆ ಅದಕ್ಕೇ ಸ್ಥಳೀಯ ಆಡಳಿತದ ಅಧಿಕಾರ ಕೊಟ್ಟಿದೆ.

ಎಲ್ಲಾ ಚಿನ್ನ ಅಂತಲ್ಲ. 2013ರಲ್ಲಿ ಉಪಚುನಾವಣೆ ಸೋತು ಬಹುಮತ ಕಳ್ಕೊಂಡ ಪ್ರಧಾನಿ ವಿಲ್ಲಿ ತೆಲಾವಿ ಸಂಸತ್ತನ್ನೇ ಕರೆಯೋಕೆ ಒಪ್ಪಲಿಲ್ಲ. ಗವರ್ನರ್ ಜನರಲ್ ಅವರನ್ನ ವಜಾ ಮಾಡಿದ್ರು. ರೆಸಾರ್ಟ್ ರಾಜಕೀಯ ನೋಡಿರೋ ನಮಗೆ ಇದು ಹೊಸದಲ್ಲ ಬಿಡಿ. 2024ರ ಜನವರಿ ಚುನಾವಣೆಯಲ್ಲಿ ಹಾಲಿ ಪ್ರಧಾನಿ ಕೌಸಿಯಾ ನಟಾನೊ ತಮ್ಮ ಸೀಟನ್ನೇ ಸೋತರು. ಹೊಸ ಪ್ರಧಾನಿ ಆಯ್ಕೆ ವಾರಗಟ್ಟಲೆ ತಡ ಆಯ್ತು. ಕಾರಣ? ಹವಾಮಾನ ಕೆಟ್ಟು, ಗೆದ್ದವರು ದೂರದ ದ್ವೀಪಗಳಿಂದ ದೋಣಿಯಲ್ಲಿ ರಾಜಧಾನಿಗೆ ಬರೋಕೆ ಆಗಲಿಲ್ಲ. ಕೊನೆಗೆ ಫೆಲೆಟಿ ಟಿಯೊ ಪ್ರಧಾನಿಯಾದ್ರು.

6/8: ಒಪ್ಪಂದ

ದಯವಿಟ್ಟು ಈ ಸ್ಲೈಡನ್ನ ಸ್ಕಿಪ್ ಮಾಡ್ಬೇಡಿ. ನಾನು ಈ ಸರಣಿ ಬರೀತಿರೋದೇ ಇದಕ್ಕೆ.

2023ರಲ್ಲಿ ತುವಾಲು ತನ್ನ ಸಂವಿಧಾನ ಬದಲಾಯಿಸಿತು. ಹವಾಮಾನ ಬದಲಾವಣೆಯಿಂದ ನೆಲ ಹೋದ್ರೂ ನಮ್ಮ ದೇಶ ಶಾಶ್ವತವಾಗಿ ದೇಶವೇ ಅಂತ ಬರ್ಕೊಂಡ್ರು. ಇದು ಬರೀ ಭಾವನೆ ಅಲ್ಲ. ದೇಶ ಅನ್ನೋ ಪಟ್ಟ ಹೋದ್ರೆ ಆ ಏಳು ಲಕ್ಷ ಚದರ ಕಿಲೋಮೀಟರ್ ಸಮುದ್ರ ಯಾರದ್ದು? ಮೀನಿನ ದುಡ್ಡು ಯಾರಿಗೆ? ವಿಶ್ವಸಂಸ್ಥೆಯ ವೋಟು ಏನಾಗುತ್ತೆ? 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಒಂದು ದೇಶದ ಮೂಲ ಅಂಶಗಳಲ್ಲಿ ಒಂದು ಇಲ್ಲವಾದ ಮಾತ್ರಕ್ಕೆ ಅದರ ದೇಶತನ ಹೋಗಲೇಬೇಕೆಂದಿಲ್ಲ ಅನ್ನೋ ಅರ್ಥದ ಮಾತು ಹೇಳಿದೆ. ಸಣ್ಣ ದೇಶಗಳ ದೊಡ್ಡ ಗೆಲುವು ಅದು.

ಅದೇ 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಆಯ್ತು. ಫಲೆಪಿಲಿ ಅಂದ್ರೆ ಒಳ್ಳೆ ನೆರೆಹೊರೆತನ. ವರ್ಷಕ್ಕೆ 280 ತುವಾಲು ಜನ ಲಾಟರಿ ಮೂಲಕ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಬಹುದು. ಬೇಕಾದಾಗ ಊರಿಗೆ ಬಂದು ಹೋಗಬಹುದು. ತುವಾಲುವಿನ ದೇಶತನ ಮುಂದೆಯೂ ಇರುತ್ತೆ ಅಂತ ಆಸ್ಟ್ರೇಲಿಯಾ ಒಪ್ಪಿದೆ. 2025ರ ಮೊದಲ ಲಾಟರಿಗೆ ಮನೆಮಂದಿ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಅಂದ್ರೆ ದೇಶದ ಬಹುಪಾಲು.

ಇಷ್ಟು ಎಲ್ಲರೂ ಶೇರ್ ಮಾಡಿದ್ರು. ಶೇರ್ ಆಗದ ಭಾಗ ಇದು: ರಕ್ಷಣೆ, ಪೊಲೀಸ್, ಬಂದರು, ದೂರಸಂಪರ್ಕ, ಸೈಬರ್ ಭದ್ರತೆ ಇಂಥ ವಿಷಯಗಳಲ್ಲಿ ತುವಾಲು ಬೇರೆ ಯಾವ ದೇಶದ ಜೊತೆ ಕೈಜೋಡಿಸಬೇಕಾದ್ರೂ ಆಸ್ಟ್ರೇಲಿಯಾದ ಒಪ್ಪಿಗೆ ಬೇಕು. ಮಾಜಿ ಪ್ರಧಾನಿ ಎನೆಲೆ ಸೊಪೊಆಗಾ ಇದನ್ನ ಕಟುವಾಗಿ ಟೀಕಿಸಿದ್ರು.

ಸಹಿ ಹಾಕಿದವರನ್ನ ನಾನು ಬೈಯಲ್ಲ. ಅವರ ಜಾಗದಲ್ಲಿ ಯಾರಿದ್ರೂ ಮಕ್ಕಳಿಗೊಂದು ಬಾಗಿಲು ತೆರೆದಿಡ್ತಿದ್ರು. ಪ್ರಶ್ನೆ ಇರೋದು ಬಾಗಿಲು ಕೊಟ್ಟವರಿಗೆ. ಆಸ್ಟ್ರೇಲಿಯಾ ಕಲ್ಲಿದ್ದಲು ಮತ್ತು ಅನಿಲ ರಫ್ತು ಮಾಡೋ ದೊಡ್ಡ ದೇಶಗಳಲ್ಲಿ ಒಂದು. ಒಂದು ಕೈಯಲ್ಲಿ ಕಲ್ಲಿದ್ದಲು ಮಾರೋದು, ಇನ್ನೊಂದು ಕೈಯಲ್ಲಿ ಆಸರೆ ಕೊಟ್ಟು ಬದಲಿಗೆ ಸಹಿ ಕೇಳೋದು ನೆರೆಹೊರೆತನ ಆಗುತ್ತಾ? ಮತ್ತೆ, ವರ್ಷಕ್ಕೆ ನೂರಕ್ಕೆ ಎರಡೂವರೆ ಜನ ಹೊರಟರೆ ಅದರಲ್ಲಿ ನರ್ಸ್ ಎಷ್ಟು, ಟೀಚರ್ ಎಷ್ಟು? 'ಮುಳುಗುತ್ತಿರುವ ದೇಶ' ಅಂತ ಒಮ್ಮೆ ತೀರ್ಮಾನ ಮಾಡಿಬಿಟ್ರೆ ಈ ಪ್ರಶ್ನೆ ಯಾವುದೂ ಏಳಲ್ಲ. ಕೊಟ್ಟಿದ್ದೆಲ್ಲ ಪುಣ್ಯ ಅನ್ನಿಸಿಬಿಡುತ್ತೆ.

7/8: ನಾವು

'ನಮಗೂ ತುವಾಲುಗೂ ಏನು ಸಂಬಂಧ' ಅನ್ನೋರಿಗೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನ. ತುವಾಲುವಿನ ಮಂತ್ರಿ ಸೈಮನ್ ಕೋಫೆ ಮೊಣಕಾಲುದ್ದ ನೀರಲ್ಲಿ ನಿಂತು ಮಾಡಿದ ಭಾಷಣದ ವಿಡಿಯೊ ನಿಮಗೆ ನೆನಪಿರಬಹುದು. ಅದೇ ಸಮ್ಮೇಳನದ ಕೊನೇ ದಿನ, ಕಲ್ಲಿದ್ದಲು ವಿದ್ಯುತ್ತನ್ನ 'ಹಂತ ಹಂತವಾಗಿ ನಿಲ್ಲಿಸುವುದು' ಅಂತ ಇದ್ದಿದ್ದನ್ನ 'ಹಂತ ಹಂತವಾಗಿ ಕಡಿಮೆ ಮಾಡುವುದು' ಅಂತ ಬದಲಾಯಿಸೋ ಪ್ರಸ್ತಾಪ ಇಟ್ಟಿದ್ದು ಭಾರತ.

ಭಾರತದ ವಾದಕ್ಕೆ ತೂಕ ಇದೆ. ಹೊಗೆ ಬಿಟ್ಟ ಹಳೇ ಸಾಲ ಹೆಚ್ಚಿರೋದು ಶ್ರೀಮಂತ ದೇಶಗಳದ್ದು. ತಲಾವಾರು ಲೆಕ್ಕದಲ್ಲಿ ನಾವು ಅವರ ಹತ್ರಕ್ಕೂ ಇಲ್ಲ. ನಮ್ಮಲ್ಲಿ ಇನ್ನೂ ಎಷ್ಟೋ ಮನೆಗೆ ಕರೆಂಟು ನೆಟ್ಟಗೆ ಬರಲ್ಲ. ಆದ್ರೆ ತುವಾಲು ಕಡೆಯಿಂದ ನೋಡಿದ್ರೆ ಆ ಒಂದು ಪದದ ಬದಲಾವಣೆ ಹೇಗೆ ಕೇಳಿಸಿರುತ್ತೆ? ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಬರೋ ಕರೆಂಟಿನಲ್ಲೂ ನಮ್ಮ ಫೋನ್ ಚಾರ್ಜ್ ಆಗುತ್ತೆ. ಅದೇ ಫೋನಲ್ಲಿ ನಾವು ಅಳೋ ಇಮೋಜಿ ಹಾಕ್ತೀವಿ. ಎರಡನ್ನೂ ಒಟ್ಟಿಗೆ ಯೋಚಿಸೋಣ ಅಂತಷ್ಟೇ ನಾನು ಹೇಳೋದು.

8/8

ಹೈಸ್ಕೂಲ್ ಕನ್ನಡ ವ್ಯಾಕರಣ ನೆನಪಿದೆಯಾ? 'ಮುಳುಗು' ಅಕರ್ಮಕ. ಅದಕ್ಕೆ ಮಾಡೋರು ಯಾರೂ ಬೇಕಾಗಿಲ್ಲ, ತಾನಾಗೇ ಆಗುತ್ತೆ. 'ಮುಳುಗಿಸು' ಸಕರ್ಮಕ. ಅಲ್ಲಿ ಕರ್ತೃ ಯಾರು ಅಂತ ಹೇಳಲೇಬೇಕು. ತುವಾಲು ಬಗ್ಗೆ ನಾವು ಬಳಸ್ತಿರೋ ಕ್ರಿಯಾಪದವೇ ತಪ್ಪು ಅನ್ನೋದು ನನ್ನ ವಾದ.

ಮುಂದಿನ ಸಲ ಆ ರೀಲ್ ಬಂದಾಗ ಅತ್ತು ಮುಂದೆ ಹೋಗ್ಬೇಡಿ. ಕಾಮೆಂಟ್‌ನಲ್ಲಿ ಒಂದು ಪ್ರಶ್ನೆ ಹಾಕಿ: ಈ ದೇಶದ ಪ್ರಧಾನಿ ಯಾರು? ಇವರ ಸಮುದ್ರ ಎಷ್ಟು ದೊಡ್ಡದು? ಒಪ್ಪಂದದಲ್ಲಿ ಏನು ಬರೆದಿದೆ? ಹತ್ತು ಜನ ಕೇಳಿದ್ರೆ ರೀಲ್ ಮಾಡೋರೂ ಹುಡುಕಿ ಓದ್ತಾರೆ.

ಫಲೆಪಿಲಿ ಒಪ್ಪಂದದ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಆಸರೆನಾ, ವ್ಯಾಪಾರನಾ, ಎರಡೂನಾ? ಕೆಳಗೆ ಬರೀರಿ. ಒಪ್ಪದಿರೋರು ಧಾರಾಳವಾಗಿ ಜಗಳಕ್ಕೆ ಬನ್ನಿ, ಆದ್ರೆ ಆರನೇ ಸ್ಲೈಡ್ ಓದಿ ಬನ್ನಿ.

#ತುವಾಲು #ಪುಟ್ಟದೇಶದೊಡ್ಡಮಾತು #ಹವಾಮಾನನ್ಯಾಯ #ಕನ್ನಡದಲ್ಲಿಭೂಗೋಳ