ಕೇಪಳಕ್ಕೆ ಸುಣ್ಣದ ಮಣ್ಣು ಸಲ್ಲದು

ನಮ್ಮ ಪಟ್ಟಣಗಳ ನರ್ಸರಿಗಳಲ್ಲಿ ಕೆಂಪು ಗೊಂಚಲುಗಳಿಂದ ತುಂಬಿದ ಕೇಪಳದ ಗಿಡವನ್ನು ಕಂಡು ಮನಸೋಲದವರು ವಿರಳ. ಮನೆಗೆ ತಂದ ಕೆಲವು ತಿಂಗಳುಗಳಲ್ಲಿ ಅನೇಕ ಕಡೆ ಅದರ ಚಿಗುರೆಲೆಗಳು ಹಳದಿಗೆ ತಿರುಗುತ್ತವೆ, ಮೊಗ್ಗು ಕಡಿಮೆಯಾಗುತ್ತದೆ, ಕಡೆಗೆ ಗಿಡವು ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ತಮ್ಮ ಕೈಗುಣವನ್ನು ಹಳಿದುಕೊಂಡು ಮನೆಯವರು ಮತ್ತೊಂದು ಗಿಡವನ್ನು ತರುತ್ತಾರೆ. ಇಂಥ ಗಿಡಗಳಲ್ಲಿ ಬಹುಪಾಲು ಸುಣ್ಣಕ್ಕೆ ಬಲಿಯಾದವು ಎಂಬುದು ನಮ್ಮ ಅಭಿಪ್ರಾಯ.

ಕೇಪಳವು ಕಾಫಿಯ ಕುಟುಂಬಕ್ಕೆ ಸೇರಿದ ಪೊದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಅದರ ತವರು. ಲಿನ್ನೇಯಸನು 1753ರ ತನ್ನ ಗ್ರಂಥದಲ್ಲಿ ಬಳಸಿದ 'ಇಕ್ಸೋರ' ಎಂಬ ಕುಲನಾಮವು ನಮ್ಮ 'ಈಶ್ವರ' ಶಬ್ದದ ರೂಪಾಂತರವೆಂಬುದನ್ನು ವಾಚಕರು ಬಲ್ಲರೋ ಇಲ್ಲವೋ! ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಇದು ಹೂ ಬಿಡುತ್ತದೆ. ಹೂವಿನ ಕೊಳವೆ ನೀಳವಾಗಿಯೂ ಕಿರಿದಾಗಿಯೂ ಇರುವುದರಿಂದ ಅದರ ಮಕರಂದವು ಉದ್ದನೆಯ ಹೀರುನಳಿಗೆಯುಳ್ಳ ಚಿಟ್ಟೆಗಳಿಗೆ ಮೀಸಲಾದಂತಿದೆ. ಅಲ್ಲಿನ ಮಣ್ಣಿನಿಂದ ಸುಣ್ಣದ ಅಂಶವನ್ನು ಯುಗಯುಗಗಳ ಮಳೆ ತೊಳೆದೊಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳ ಆಕ್ಸೈಡುಗಳಿಂದ ಕೂಡಿದ ಆಮ್ಲಗುಣದ ಕೆಂಪು ನೆಲ.

ಎಲೆಯ ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲ. ಆದರೆ ಕಬ್ಬಿಣವಿಲ್ಲದೆ ಗಿಡವು ಪತ್ರಹರಿತ್ತನ್ನು ತಯಾರಿಸಲಾರದು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿಯೂ ಕಬ್ಬಿಣಕ್ಕೆ ಕೊರತೆಯಿಲ್ಲವಲ್ಲ ಎಂದು ಕೇಳಬಹುದು. ಇದ್ದರೇನು, ಅದು ನೀರಿನಲ್ಲಿ ಕರಗಿದರಷ್ಟೆ ಬೇರಿಗೆ ದಕ್ಕುತ್ತದೆ. ಆಮ್ಲ-ಕ್ಷಾರಗಳನ್ನು ಅಳೆಯುವ ಪಿ.ಎಚ್. ಮಾನವು ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣವು ಕರಗುವ ಪ್ರಮಾಣ ಸುಮಾರು ಸಾವಿರ ಪಾಲು ಇಳಿಯುತ್ತದೆ. ಕೇಪಳಕ್ಕೆ 5ರಿಂದ 6ರವರೆಗಿನ ಪಿ.ಎಚ್. ಹಿತ. ಸುಣ್ಣ ಬೆರೆತ ಮಣ್ಣಿನಲ್ಲಿ ಅದು 8ರ ಆಸುಪಾಸಿಗೆ ಏರುವುದುಂಟು. ಸುತ್ತಲೂ ಕಬ್ಬಿಣವಿದ್ದರೂ ಗಿಡಕ್ಕೆ ಉಪವಾಸ ತಪ್ಪುವುದಿಲ್ಲ.

ಈ ಉಪವಾಸವನ್ನು ಗುರುತಿಸುವುದು ಸುಲಭ. ಹಳೆಯ ಎಲೆಯಲ್ಲಿ ಸೇರಿಹೋದ ಕಬ್ಬಿಣ ಚಿಗುರಿಗೆ ಸಾಗಿಹೋಗುವುದಿಲ್ಲವಾದ್ದರಿಂದ ಎಳೆಯ ಎಲೆಗಳೇ ಮೊದಲು ಹಳದಿಯಾಗುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕ ಕಡಿಮೆಯಾದಾಗಲಾದರೋ ಬುಡದ ಹಳೆಯ ಎಲೆಗಳು ಮೊದಲು ಬಿಳಚಿಕೊಳ್ಳುತ್ತವೆ. ಈ ಭೇದವನ್ನು ನೋಡದೆ, ಹಳದಿ ಕಂಡೊಡನೆ ಯೂರಿಯಾ ಸುರಿಯುವುದು ನಮ್ಮವರ ರೂಢಿ. ಹಸಿದವನಿಗೆ ಹೊದೆಯಲು ಕಂಬಳಿ ಕೊಟ್ಟಂತೆ! ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಹಾಕಿದರೂ ಅದು ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ. ಎಲೆಗಳ ಮೇಲೆ ತೆಳುವಾಗಿ ಸಿಂಪಡಿಸಿದರೆ ಹಸಿರು ಮರಳೀತು. ಆದರೆ ಆ ಎಲೆಗಳಿಗಷ್ಟೆ.

ಸುಣ್ಣ ಬರುವುದು ನಮ್ಮ ಮನೆಗಳಿಂದಲೇ. ಕಟ್ಟಡದ ಗಾರೆ, ಸಿಮೆಂಟಿನ ಚೂರುಗಳನ್ನು ಗೋಡೆಯ ಬುಡದಲ್ಲಿ ಹೂತು, ಮೇಲೆ ನಾಲ್ಕು ಬುಟ್ಟಿ ಮಣ್ಣು ಹರಡಿ, ಅದನ್ನು ಕೈತೋಟವೆಂದು ಕರೆಯುತ್ತೇವೆ. ಹೊಸ ಸಿಮೆಂಟಿನ ಕುಂಡದಿಂದಲೂ ಸುಣ್ಣ ಒಸರುತ್ತದೆ. ಇದರ ಮೇಲೆ ದಿನವೂ ಕೊಳವೆಬಾವಿಯ ಗಡಸು ನೀರು. ಇಂಥ ಅಂಗಳದಲ್ಲಿ ಕೇಪಳವನ್ನು ನೆಲದಲ್ಲಿ ನೆಡುವುದಕ್ಕಿಂತ ಕುಂಡದಲ್ಲಿ ಬೆಳೆಸುವುದೇ ಉತ್ತಮವೆಂದು ನಾವು ಹೇಳುತ್ತೇವೆ. ಕುಂಡದ ಮಣ್ಣಾದರೂ ನಮ್ಮ ಹತೋಟಿಯಲ್ಲಿರುತ್ತದೆ. ಸುಮಾರು 12 ಅಂಗುಲ ಅಗಲದ, ತಳದಲ್ಲಿ ರಂಧ್ರವುಳ್ಳ ಸುಟ್ಟ ಮಣ್ಣಿನ ಕುಂಡ, ಗಾರೆ ಸೋಕದ ಕೆಂಪು ಮಣ್ಣು, ಕೊಳೆತ ಎಲೆಗೊಬ್ಬರ, ಸ್ವಲ್ಪ ಮರಳು ಇಷ್ಟು ಸಾಕು. ನೀರು ಮಾತ್ರ ಸಾಧ್ಯವಾದಷ್ಟೂ ಮಳೆಯದಾಗಿರಲಿ. ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರಿನ ಸಂಗ್ರಹವನ್ನು 2009ರಲ್ಲಿ ಕಡ್ಡಾಯಗೊಳಿಸಲಾಯಿತಷ್ಟೆ; ಆ ತೊಟ್ಟಿಯಿಂದ ಒಂದು ಚೊಂಬು ಕೇಪಳಕ್ಕೆ ಸಲ್ಲಲಿ. ಅರ್ಧ ದಿನವಾದರೂ ಬಿಸಿಲು ಬೇಕು. ಹೂವು ಮೂಡುವುದು ರೆಂಬೆಯ ತುದಿಯಲ್ಲಿ. ಬೇಲಿಯಂತೆ ಚೊಕ್ಕವಾಗಿ ಕಾಣಲೆಂದು ಆಗಾಗ ಕತ್ತರಿಯಾಡಿಸುವವರು ಮೊಗ್ಗನ್ನೇ ಕತ್ತರಿಸುತ್ತಿರುತ್ತಾರೆ.

ಗಿಡ ಮಾರುವವರು ಈ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸಬೇಕೆಂಬುದು ನಮ್ಮ ಒತ್ತಾಯ. ಕುಂಡಕ್ಕೆ ಬೆಲೆಯ ಚೀಟಿಯನ್ನು ಅಂಟಿಸುವವರಿಗೆ 'ಆಮ್ಲಗುಣದ ಮಣ್ಣು ಬೇಕು, ಸುಣ್ಣ ಕೂಡದು' ಎಂದು ಇನ್ನೊಂದು ಸಾಲನ್ನು ಬರೆಯುವುದು ಕಷ್ಟವೇನಲ್ಲ. ಕರಾವಳಿಗೆ ಹೋದವರು ಗುಡ್ಡದ ಗಿಡವನ್ನು ಬೇರುಸಹಿತ ಕಿತ್ತು ತರುವ ಚಾಳಿಯನ್ನೂ ಬಿಡಬೇಕು. ಕಲ್ಲಿನ ಗಣಿಗಾರಿಕೆಯಿಂದ ಆ ಗುಡ್ಡಗಳು ಸವೆಯುತ್ತಿರುವುದೇ ಸಾಕು. ಮಳೆಗಾಲದಲ್ಲಿ ಅರೆಬಲಿತ ಒಂದು ಕಡ್ಡಿಯನ್ನು ಕತ್ತರಿಸಿ ತಂದು ನೆಟ್ಟರೆ, ಕೆಲವು ವಾರಗಳ ತಾಳ್ಮೆಗೆ ಅದು ಬೇರು ಬಿಡುತ್ತದೆ.