ಕೊಟ್ಟದ್ದು, ಕೊಡದೆ ಉಳಿದದ್ದು

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಕಳವಿನ ವಸ್ತುವನ್ನು ಕೊಳ್ಳುವುದು ಅವುಗಳಲ್ಲೊಂದು. ನಕಲನ್ನು ಅಸಲೆಂದು ಮಾರುವ ‘ಪ್ರತಿರೂಪಕ ವ್ಯವಹಾರ’ ಇನ್ನೊಂದು. ಹವ್ಯಾಸಿ ರೇಡಿಯೊ ಲೋಕದ ವಿವಾದವೊಂದಕ್ಕೆ ಈ ವಿವೇಚನೆ ಇಂದು ಬೆಳಕಾಗಬಲ್ಲದು.

ಕೈರೇಡಿಯೊದ ಡಿಜಿಟಲ್ ಧ್ವನಿಯನ್ನು ಅಂತರ್ಜಾಲಕ್ಕೆ ಜೋಡಿಸುವ ಕಿರುಸಾಧನವೇ ಹಾಟ್‌ಸ್ಪಾಟ್. ಅದರೊಳಗೆ ನೆಲೆಸಿ ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಬ್ರಿಟನ್ನಿನ ಹವ್ಯಾಸಿ ಜೊನಾಥನ್ ನೇಯ್ಲರ್ ತಮ್ಮ ಎಂಎಂಡಿವಿಎಂ ತಂತ್ರಾಂಶವನ್ನು ಜಿಪಿಎಲ್ ಪರವಾನಗಿಯಡಿ ಲೋಕಕ್ಕೆ ನೀಡಿದರು. ಯಾರೂ ಬಳಸಬಹುದು, ತಿದ್ದಬಹುದು. ಹಂಚುವವರು ಮಾತ್ರ ಕರ್ತೃವಿನ ಹೆಸರನ್ನು ಉಳಿಸಿ, ಮೂಲಸಂಕೇತವನ್ನೂ ಒದಗಿಸಬೇಕು. ಇದನ್ನು ತುಂಬಿಕೊಂಡ ಅಗ್ಗದ ನಕಲು ಫಲಕಗಳು ಚೀನಾದಿಂದ ಹೇರಳವಾಗಿ ಬಂದಾಗ ಮೂಲ ತಯಾರಕರಲ್ಲಿ ಕೆಲವರು ನೊಂದರು. ಮುಕ್ತವಾದುದರಲ್ಲಿ ಕಳವೆಲ್ಲಿ ಎಂದು ಕೊಳ್ಳುವವರು ಕೇಳಿದರು.

ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂಬುದು ಜೈನ ನಿರ್ವಚನ. ಆದ್ದರಿಂದ ಮುಕ್ತವಾಗಿ ಕೊಟ್ಟ ವಿನ್ಯಾಸವನ್ನು ಪ್ರತಿಮಾಡುವುದು ಚೌರ್ಯವಲ್ಲ. ಕೊಟ್ಟ ಮೇಲೂ ಅದರಲ್ಲಿ ಮಮಕಾರವಿರಿಸುವುದು ಪರಿಗ್ರಹವಾದೀತು. ಆದರೆ ಷರತ್ತನ್ನು ಮೀರುವ, ಕರ್ತೃವಿನ ಹೆಸರನ್ನು ಅಳಿಸುವ, ಪರರ ಹೆಸರಿನಲ್ಲಿ ತನ್ನ ಸರಕನ್ನು ಮಾರುವ ಅಧಿಕಾರವನ್ನು ಯಾರೂ ಕೊಟ್ಟಿಲ್ಲ. ಅಲ್ಲಿಯೇ ವ್ರತಭಂಗ. ಕೊಳ್ಳುವ ಶ್ರಾವಕನು ಬೆಲೆಯನ್ನು ವಿಚಾರಿಸುವಾಗ ಇದನ್ನೂ ವಿಚಾರಿಸಲಿ: ಇದು ಕೊಟ್ಟದ್ದೋ, ಕಸಿದದ್ದೋ?